ಹಳೆಯ ಮಿಕ್ಸರಿಗೆ ಹೊಸ ಚಿಪ್: ಎಲ್ಲಿ ಬೇಕು, ಎಲ್ಲಿ ಬೇಡ?



ನಿಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲೋ ಬಡಾವಣೆಯ ರಾಜ್ಯೋತ್ಸವದಲ್ಲೋ ಒಂದು ಕ್ಷಣವನ್ನು ನೀವು ಗಮನಿಸಿರಬಹುದು. ಹಾಡು ಮುಗಿದಿದೆ, ಚಪ್ಪಾಳೆಯೂ ನಿಂತಿದೆ, ಮುಂದೆ ಹಾಡುವವರು ಇನ್ನೂ ಮೈಕಿನ ಬಳಿಗೆ ಬಂದಿಲ್ಲ. ಆಗ ಸ್ಪೀಕರುಗಳಿಂದ ಸಣ್ಣಗೆ 'ಸುಯ್' ಎಂಬ ಸದ್ದು ಕೇಳಿಸುತ್ತದೆ. ಯಾರೂ ಮಾತನಾಡುತ್ತಿಲ್ಲ, ಯಾವ ವಾದ್ಯವೂ ನುಡಿಯುತ್ತಿಲ್ಲ. ಹಾಗಾದರೆ ಈ ಸದ್ದು ಎಲ್ಲಿಂದ ಬಂತು?

ಧ್ವನಿವರ್ಧಕದ ಕೆಲಸ ಮಾಡುವವರಿಗೆ ಈ ಪ್ರಶ್ನೆ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಅದನ್ನು ಕಾರ್ಯಕ್ರಮದಲ್ಲಿ ಮಾತಿನ ಮೂಲಕ ತಿಳಿಸಬಹುದಾದರೂ ಲೆಕ್ಕ ಮಾಡಿ ತೋರಿಸಲು ಪರದೆಗಿಂತ ಕಾಗದವೇ ವಾಸಿ. ಆದ್ದರಿಂದ ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಂಡು ಮುಂದೆ ಓದಿ.

ಮರ್ಫಿ ಟೌನ್‌ನ ಒಂದು ಮಿಕ್ಸರ್

ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡಂತೆ ಮರ್ಫಿ ಟೌನ್ ಇದೆ. ಹಿಂದೆ ಇದನ್ನು ನಾಕ್ಸ್‌ಪೇಟೆ ಎನ್ನುತ್ತಿದ್ದರು. ಹೆಸರು ಕೇಳಿದ ಕೂಡಲೇ ನಮ್ಮ ಅಜ್ಜಂದಿರ ಕಾಲದ ಮರ್ಫಿ ರೇಡಿಯೊ ನೆನಪಾಗುವುದು ಸಹಜ. ಆದರೆ ರೇಡಿಯೊಗೂ ಈ ಬಡಾವಣೆಗೂ ಸಂಬಂಧವಿಲ್ಲ. ದಂಡು ಪ್ರದೇಶದಲ್ಲಿ ಇಂಜಿನಿಯರ್ ಆಗಿದ್ದ ಮರ್ಫಿ ಎಂಬವರ ಹೆಸರನ್ನು ಇದಕ್ಕೆ ಇಟ್ಟರು.

ಇಲ್ಲಿನ ಒಂದು ಓಣಿಯಲ್ಲಿ, ಮದುವೆ, ಉತ್ಸವ, ಆರ್ಕೆಸ್ಟ್ರಾಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವ ಪರಿಚಯಸ್ಥರೊಬ್ಬರಿದ್ದಾರೆ. ಅವರ ಬಳಿ ಹದಿನಾರು ಚಾನೆಲ್‌ಗಳ ಹಳೆಯ ಮಿಕ್ಸರ್ ಇದೆ. ಹದಿನಾರು ಕಡೆಯಿಂದ ಬರುವ ಹಾಡು, ತಬಲ, ಕೀಬೋರ್ಡ್, ಕೊಳಲುಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿ ಎಡ ಬಲ ಸ್ಪೀಕರುಗಳಿಗೆ ಕಳಿಸುವ ಯಂತ್ರ ಅದು. ವರ್ಷಗಳು ಕಳೆದಂತೆ ಅದರ ಸುಯ್‌ಸದ್ದು ಗಿರಾಕಿಗಳ ಬಾಯಿಗೆ ಬಂತು. "ನಿಮ್ಮದು ಹಳೇ ಮಾಲು, ಡಿಜಿಟಲ್ ಇಟ್ಟಿರೋರು ಬೇರೆ ಇದಾರೆ" ಎಂದು ಇಬ್ಬರು ಮುಖದ ಮೇಲೇ ಹೇಳಿ ಹೋದರಂತೆ.

ಅವರ ಮಗಳು ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಬಿ.ಎಸ್‌ಸಿ. ಓದುತ್ತಿದ್ದಾಳೆ. ನಾನು ಹೋದಾಗ ಮಿಕ್ಸರಿನ ತಳ ಬಿಚ್ಚಿ ಕುಳಿತಿದ್ದಳು.

"ಸರ್, ಇದರಲ್ಲಿ ಅರವತ್ತು ಚಿಪ್ ಇದೆ, ಎಲ್ಲಾ ಹಳೇದು. ಅಷ್ಟನ್ನೂ ಕಿತ್ತು ಒಳ್ಳೇದು ಹಾಕಿಬಿಟ್ಟರೆ ಸದ್ದು ನಿಲ್ಲುತ್ತಲ್ವಾ?"

ಅವಳ ತಂದೆ ಬಾಗಿಲಲ್ಲೇ ನಿಂತಿದ್ದರು. "ಕ್ರಿಸ್‌ಮಸ್‌ಗೆ ಎರಡು ಬುಕಿಂಗ್ ಇದೆ ಸರ್. ಇದು ಏನಾದ್ರೂ ಕೆಟ್ಟರೆ ನಾನು ಬೇರೆಯವರ ಹತ್ರ ಬಾಡಿಗೆಗೆ ತರಬೇಕು. ಆಮೇಲೆ ನನಗೆ ಉಳಿಯೋದೇನು?"

ಇಬ್ಬರ ಮಾತಿನಲ್ಲೂ ಅರ್ಥವಿತ್ತು. ಯಾರ ಮಾತು ಎಷ್ಟರ ಮಟ್ಟಿಗೆ ಸರಿ ಎಂದು ತಿಳಿಯಬೇಕಾದರೆ ಆ ಎಂಟು ಕಾಲಿನ ಪುಟ್ಟ ಕರಿಯ ಚಿಪ್ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಆಪ್-ಆಂಪ್ ಎಂದರೇನು?

ಇದರ ಪೂರ್ತಿ ಹೆಸರು ಆಪರೇಷನಲ್ ಆಂಪ್ಲಿಫೈಯರ್. ಕೂಡುವುದು, ಕಳೆಯುವುದು ಮುಂತಾದ ಗಣಿತದ ಕ್ರಿಯೆಗಳನ್ನು ವಿದ್ಯುತ್ತಿನಿಂದ ಮಾಡಿಸುತ್ತಿದ್ದ ಹಳೆಯ ಗಣಕಗಳ ವರ್ಧಕ ಇದು. ರಗಾಜಿನಿ ಮತ್ತು ಅವರ ಸಂಗಡಿಗರು 1947ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ನೆಲೆಗೊಂಡಿತು. ಆಗ ಇದನ್ನು ನಿರ್ವಾತ ಕವಾಟಗಳಿಂದ ಕಟ್ಟುತ್ತಿದ್ದರು. ಈಗ ಅಂಥ ಎರಡು ವರ್ಧಕಗಳು ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಚಿಪ್ಪಿನಲ್ಲಿ ಅಡಗಿರುತ್ತವೆ.

ಆಪ್-ಆಂಪ್‌ಗೆ ಎರಡು ಒಳದಾರಿ, ಒಂದು ಹೊರದಾರಿ. ಒಳದಾರಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಅದು ಸುಮಾರು 2 ಲಕ್ಷ ಪಟ್ಟು ಹಿಗ್ಗಿಸಬಲ್ಲದು. ಇಷ್ಟೊಂದು ಹಿಗ್ಗಿಸಿದರೆ ಹಾಡು ಹಾಡಾಗಿ ಉಳಿಯುವುದಿಲ್ಲ. ಅದಕ್ಕೇ ಹೊರಬಂದದ್ದರಲ್ಲಿ ಒಂದು ಪಾಲನ್ನು ಹಿಂದಕ್ಕೆ ತಂದು, ಒಳಬರುವುದಕ್ಕೆ ವಿರುದ್ಧವಾಗಿ ಕೊಡುತ್ತಾರೆ. ಇದಕ್ಕೆ ಋಣ ಫೀಡ್‌ಬ್ಯಾಕ್ ಎಂದು ಹೆಸರು. ಆಗ 2 ಲಕ್ಷ ಪಟ್ಟಿನ ಒರಟು ಶಕ್ತಿ ಹತ್ತು ಪಟ್ಟಿಗೋ ಇಪ್ಪತ್ತು ಪಟ್ಟಿಗೋ ಇಳಿಯುತ್ತದೆ. ಬದಲಿಗೆ ನಿಖರತೆ ಸಿಗುತ್ತದೆ. ಎಷ್ಟು ಪಟ್ಟು ಎಂಬುದನ್ನು ಆಗ ಚಿಪ್ ನಿರ್ಧರಿಸುವುದಿಲ್ಲ. ಅದರ ಸುತ್ತಲಿನ ಎರಡು ರೆಸಿಸ್ಟರುಗಳು ನಿರ್ಧರಿಸುತ್ತವೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಋಣ ಫೀಡ್‌ಬ್ಯಾಕ್‌ನ ಕಲ್ಪನೆ ಹೊಳೆದದ್ದು ಹೆರಾಲ್ಡ್ ಬ್ಲ್ಯಾಕ್ ಎಂಬ ಅಮೆರಿಕದ ಇಂಜಿನಿಯರಿಗೆ, 1927ರ ಆಗಸ್ಟ್ 2ರಂದು, ಹಡ್ಸನ್ ನದಿ ದಾಟುವ ದೋಣಿಯಲ್ಲಿ. ಕೈಯಲ್ಲಿದ್ದ ದಿನಪತ್ರಿಕೆಯ ಹಾಳೆಯ ಮೇಲೇ ಅವರು ಚಿತ್ರ, ಸಮೀಕರಣಗಳನ್ನು ಬರೆದುಕೊಂಡರು. ಅವರಿಗೆ ಬೇಕಾಗಿದ್ದದ್ದು ದೂರದೂರಿನ ಟೆಲಿಫೋನ್ ಮಾತು ಕೆಡದಂತೆ ಸಾಗಿಸುವ ವರ್ಧಕ. ಮರ್ಫಿ ಟೌನ್ ಪಕ್ಕದ ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರಂ ಕಡೆಗೆ ಹೋದರೆ ದೂರವಾಣಿನಗರ ಸಿಗುತ್ತದೆ. 1948ರಲ್ಲಿ ಸ್ಥಾಪನೆಯಾದ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಿಂದ ಆ ಹೆಸರು ಬಂತು. ಮಾತನ್ನು ದೂರಕ್ಕೆ ಸಾಗಿಸುವ ವಿದ್ಯೆಯೂ ಹಾಡನ್ನು ಬೆರೆಸುವ ವಿದ್ಯೆಯೂ ಅಣ್ಣತಮ್ಮಂದಿರು.

ಚಿಪ್‌ಗಳ ವಂಶಾವಳಿ

ಚಿಪ್ ರೂಪದ ಆಪ್-ಆಂಪ್‌ಗಳಲ್ಲಿ ಮೊದಲು ಹೆಸರಾದದ್ದು ಬಾಬ್ ವಿಡ್ಲರ್ 1965ರಲ್ಲಿ ರೂಪಿಸಿದ 709. 1968ರಲ್ಲಿ ಡೇವ್ ಫುಲ್ಲಗರ್ ರೂಪಿಸಿದ 741 ಬಂತು. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಇಂದಿಗೂ ಕಾಣುವುದು ಇದನ್ನೇ. 1970ರ ದಶಕದ ಕೊನೆಯ ವರ್ಷಗಳಿಂದ ಮಿಕ್ಸರುಗಳಲ್ಲಿ ಟಿಎಲ್ 072 ಎಂಬ ಅಗ್ಗದ, ಚುರುಕಾದ ಚಿಪ್ ಮನೆಮಾತಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಂದ ಎನ್‌ಇ 5532 ಸದ್ದು ಕಡಿಮೆ ಎಂದು ಸ್ಟುಡಿಯೊಗಳ ಮೆಚ್ಚುಗೆ ಗಳಿಸಿತು. ಅನಂತರ ಓಪಿಎ 2134, ಎಲ್‌ಎಂ 4562 ಮುಂತಾದವು ಬಂದಿವೆ. 741ರಲ್ಲಿ ವರ್ಧಕ ಒಂದೇ. ಉಳಿದ ನಾಲ್ಕರಲ್ಲೂ ಎರಡೆರಡು ವರ್ಧಕಗಳು, ಎಂಟೆಂಟು ಕಾಲುಗಳು, ಕಾಲುಗಳ ಕ್ರಮವೂ ಒಂದೇ. ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಬಹುದು ಎನ್ನುವ ಆಸೆ ಹುಟ್ಟುವುದು ಇದರಿಂದಲೇ.

ಹಳೆಯದೆಲ್ಲ ನಿಧಾನ, ಹೊಸದೆಲ್ಲ ಚುರುಕು ಎಂಬ ನಂಬಿಕೆ ಇದೆ. ಪರೀಕ್ಷಿಸೋಣ. 20 ಸಾವಿರ ಹರ್ಟ್ಸ್ ಆವೃತ್ತಿಯ, 10 ವೋಲ್ಟ್ ಎತ್ತರದ ಅಲೆಯೊಂದು ಅತಿ ಕಡಿದಾಗಿ ಏರುವಾಗ ಅದರ ವೇಗ ಎಷ್ಟು? 2 × 3.14 × 20,000 × 10; ಅಂದರೆ ಒಂದು ಮೈಕ್ರೊಸೆಕೆಂಡಿಗೆ ಸುಮಾರು 1.26 ವೋಲ್ಟ್. ಚಿಪ್ ಇಷ್ಟು ವೇಗವಾಗಿ ಏರಬಲ್ಲುದಾದರೆ ಸಾಕು. 741ರ ವೇಗ ಮೈಕ್ರೊಸೆಕೆಂಡಿಗೆ ಬರೀ 0.5 ವೋಲ್ಟ್. ಹೀಗಾಗಿ ಅಷ್ಟು ಎತ್ತರದ ಅಲೆಯನ್ನು ಅದು ಸುಮಾರು 8 ಸಾವಿರ ಹರ್ಟ್ಸ್ ದಾಟಿದ ಮೇಲೆ ವಿಕಾರಗೊಳಿಸುತ್ತದೆ. ಮಿಕ್ಸರಿನಲ್ಲಿ 741 ಇದ್ದರೆ ಬದಲಿಸುವುದಕ್ಕೆ ಒಳ್ಳೆಯ ಕಾರಣವಿದೆ. ಆದರೆ ಟಿಎಲ್ 072ರ ವೇಗ 13 ವೋಲ್ಟ್. ಬೇಕಾದದ್ದರ ಹತ್ತು ಪಟ್ಟು. ಅದನ್ನು ತೆಗೆದು 20 ವೋಲ್ಟ್ ವೇಗದ ಎಲ್‌ಎಂ 4562 ಹಾಕಿದರೆ ವೇಗದ ದೃಷ್ಟಿಯಿಂದ ನಿಮ್ಮ ಕಿವಿಗೆ ಹೊಸದಾಗಿ ಏನೂ ಸಿಗುವುದಿಲ್ಲ. ಎರಡು ಲೋಟ ನೀರು ಹಿಡಿಯಲು ಬಿಂದಿಗೆಯ ಬದಲು ಕೊಳಗ ತಂದಂತೆ.

ಮರ್ಫಿ ಟೌನ್‌ನ ಮಿಕ್ಸರಿನಲ್ಲಿ ಇದ್ದವು ಟಿಎಲ್ 072ಗಳೇ. ಆದ್ದರಿಂದ ಪ್ರಶ್ನೆ ವೇಗದ್ದಲ್ಲ, ಸುಯ್‌ಸದ್ದಿನದು.

ಸದ್ದು ಹುಟ್ಟುವ ಬಗೆ

ಯಾವ ವಾಹಕದಲ್ಲೂ ಎಲೆಕ್ಟ್ರಾನುಗಳು ಸುಮ್ಮನೆ ಕೂತಿರುವುದಿಲ್ಲ. ಉಷ್ಣದಿಂದಾಗಿ ಸದಾ ಗಲಿಬಿಲಿಯಲ್ಲಿರುತ್ತವೆ. ಅದರಿಂದ ಪ್ರತಿಯೊಂದು ರೆಸಿಸ್ಟರಿನ ತುದಿಗಳ ನಡುವೆಯೂ ಅತಿ ಸಣ್ಣ ವೋಲ್ಟೇಜ್ ಅಂಕೆಯಿಲ್ಲದೆ ಕುಣಿಯುತ್ತದೆ. ಇದನ್ನು ಅಳೆದು ತೋರಿಸಿದವರು ಜಾನ್ಸನ್, ಗಣಿತದಿಂದ ವಿವರಿಸಿದವರು ನೈಕ್ವಿಸ್ಟ್. ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. ರೋಧ ಹೆಚ್ಚಿದಂತೆ ಈ ಸದ್ದೂ ಹೆಚ್ಚುತ್ತದೆ. ನಮ್ಮ ಕಿವಿಗೆ ಕೇಳುವ 20 ಸಾವಿರ ಹರ್ಟ್ಸ್ ವ್ಯಾಪ್ತಿಯಲ್ಲಿ, ಕೋಣೆಯ ಉಷ್ಣತೆಯಲ್ಲಿ, 1 ಕಿಲೋ ಓಮ್ ರೆಸಿಸ್ಟರು ಸುಮಾರು 0.57 ಮೈಕ್ರೊವೋಲ್ಟ್, 25 ಕಿಲೋ ಓಮ್ ರೆಸಿಸ್ಟರು ಸುಮಾರು 2.9 ಮೈಕ್ರೊವೋಲ್ಟ್ ಸದ್ದು ಹುಟ್ಟಿಸುತ್ತವೆ. ರೋಧ 25 ಪಟ್ಟಾದರೆ ಸದ್ದು 5 ಪಟ್ಟು. ವರ್ಗಮೂಲದ ನಿಯಮ ಇಲ್ಲಿ ಕಾಣುತ್ತದೆ.

ಚಿಪ್ ಕೂಡ ತನ್ನ ಪಾಲಿನ ಸದ್ದನ್ನು ಸೇರಿಸುತ್ತದೆ. ತಯಾರಕರ ಅಂಕಿಗಳಿಂದ ಲೆಕ್ಕ ಹಾಕಿದರೆ ಅದೇ ವ್ಯಾಪ್ತಿಯಲ್ಲಿ ಟಿಎಲ್ 072ರದು ಸುಮಾರು 2.5 ಮೈಕ್ರೊವೋಲ್ಟ್, ಎನ್‌ಇ 5532ರದು 0.7, ಎಲ್‌ಎಂ 4562ರದು 0.4. ಈ ಮೂರು ಅಂಕಿಗಳನ್ನು ಮಾತ್ರ ನೋಡಿದರೆ ಆ ಹುಡುಗಿಯ ಮಾತೇ ಸರಿ ಎನ್ನಿಸುತ್ತದೆ. ಆದರೆ ಚಿಪ್ಪನ್ನು ಯಾವ ಜಾಗದಲ್ಲಿ ಕೂರಿಸುತ್ತೇವೆ ಎಂಬುದನ್ನೂ ನೋಡಬೇಕು.

ಅದಕ್ಕೆ ಮೊದಲು ಸದ್ದುಗಳನ್ನು ಕೂಡುವ ರೀತಿ ತಿಳಿದಿರಬೇಕು. ಬೇರೆ ಬೇರೆ ಮೂಲಗಳ ಸದ್ದುಗಳು ಒಟ್ಟಿಗೆ ಹೆಜ್ಜೆ ಹಾಕುವುದಿಲ್ಲ. ಆದ್ದರಿಂದ 3 ಮತ್ತು 4 ಸೇರಿದರೆ 7 ಆಗುವುದಿಲ್ಲ, 5 ಆಗುತ್ತದೆ. ಲಂಬಕೋನ ತ್ರಿಭುಜದ ಪೈಥಾಗೊರಸ್ ಪ್ರಮೇಯವೇ ಇಲ್ಲಿಯೂ ನಡೆಯುತ್ತದೆ. ಇದರಿಂದ ತಿಳಿಯುವ ಮುಖ್ಯ ವಿಷಯವೆಂದರೆ, ದೊಡ್ಡ ಸದ್ದೊಂದು ಇರುವಾಗ ಪಕ್ಕದ ಸಣ್ಣ ಸದ್ದನ್ನು ತಗ್ಗಿಸಿ ಪ್ರಯೋಜನವಿಲ್ಲ.

ಒಂದೇ ಚಿಪ್, ಎರಡು ಜಾಗ

ಮೊದಲ ಜಾಗ: ಎಲ್ಲ ಚಾನೆಲ್‌ಗಳೂ ಬಂದು ಸೇರುವ ಕೂಡುವ ವರ್ಧಕ. ಹದಿನಾರು ಚಾನೆಲ್‌ಗಳಿಂದ ಹದಿನಾರು 10 ಕಿಲೋ ಓಮ್ ರೆಸಿಸ್ಟರುಗಳು ಇದರ ಒಂದೇ ಕಾಲಿಗೆ ಬರುತ್ತವೆ. ಫೀಡ್‌ಬ್ಯಾಕ್ ರೆಸಿಸ್ಟರೂ 10 ಕಿಲೋ ಓಮ್ ಎಂದಿಟ್ಟುಕೊಳ್ಳಿ. ಒಂದೊಂದು ಚಾನೆಲ್ಲಿನ ಹಾಡಿಗೆ ಈ ವರ್ಧಕ ಒಂದು ಪಟ್ಟು ಮಾತ್ರ. ಆದರೆ ಚಿಪ್ಪಿನ ಸ್ವಂತ ಸದ್ದಿನ ಕಣ್ಣಿಗೆ ಆ ಹದಿನಾರು ರೆಸಿಸ್ಟರುಗಳು ಸಮಾಂತರವಾಗಿ ಸೇರಿ ಒಂದೇ ಸಣ್ಣ ರೆಸಿಸ್ಟರಿನಂತೆ ಕಾಣುತ್ತವೆ. ಹೀಗಾಗಿ ಆ ಸದ್ದು 16ಕ್ಕೆ 1 ಸೇರಿಸಿ 17 ಪಟ್ಟು ಹಿಗ್ಗುತ್ತದೆ! ಯಾರೂ ಹಾಡದಿದ್ದರೂ, ಎಲ್ಲ ಫೇಡರುಗಳನ್ನು ಇಳಿಸಿದರೂ, ಈ 17 ಪಟ್ಟು ತಪ್ಪದು.

ಇಲ್ಲಿ ರೆಸಿಸ್ಟರುಗಳೆಲ್ಲ ಸಮಾಂತರವಾಗಿ ಸುಮಾರು 590 ಓಮ್ ಆಗುವುದರಿಂದ ಅವುಗಳ ಸದ್ದು 0.44 ಮೈಕ್ರೊವೋಲ್ಟ್ ಅಷ್ಟೆ. ಟಿಎಲ್ 072 ಇದ್ದರೆ 2.5 ಮತ್ತು 0.44 ಕೂಡಿ ಸುಮಾರು 2.54, ಹದಿನೇಳು ಪಟ್ಟಾದಾಗ 43 ಮೈಕ್ರೊವೋಲ್ಟ್. ಎನ್‌ಇ 5532 ಇದ್ದರೆ 0.7 ಮತ್ತು 0.44 ಕೂಡಿ 0.83, ಹದಿನೇಳು ಪಟ್ಟು 14 ಮೈಕ್ರೊವೋಲ್ಟ್. ಒಂದು ಚಿಪ್ ಬದಲಿಸಿದ್ದಕ್ಕೆ ಸದ್ದು ಮೂರನೇ ಒಂದು ಪಾಲಿಗೆ ಇಳಿಯಿತು.

ಎರಡನೆಯ ಜಾಗ: ಫೇಡರಿನ ಹಿಂದಿನ ವರ್ಧಕ. 100 ಕಿಲೋ ಓಮ್‌ನ ಫೇಡರನ್ನು ಸರಿಯಾಗಿ ಅರ್ಧ ರೋಧಕ್ಕೆ ಇಟ್ಟರೆ ಮೇಲೆ 50, ಕೆಳಗೆ 50. ಚಿಪ್ಪಿನ ಕಡೆಯಿಂದ ನೋಡಿದಾಗ ಎರಡೂ ಸಮಾಂತರ, ಅಂದರೆ 25 ಕಿಲೋ ಓಮ್. ಅದರ ಸದ್ದೇ 2.9 ಮೈಕ್ರೊವೋಲ್ಟ್. ಇಲ್ಲಿ ಎನ್‌ಇ 5532ರ ಇನ್ನೊಂದು ಗುಣ ಹೊರಬೀಳುತ್ತದೆ. ಅದರ ಒಳದಾರಿಯಲ್ಲಿರುವುದು ಸಾಮಾನ್ಯ ಬಗೆಯ ಟ್ರಾನ್ಸಿಸ್ಟರು. ಅದು ಸ್ವಲ್ಪ ಪ್ರವಾಹವನ್ನು ಎಳೆಯುತ್ತದೆ, ಆ ಪ್ರವಾಹದಲ್ಲೂ ಸದ್ದಿದೆ. 25 ಕಿಲೋ ಓಮ್ ಮೂಲಕ ಹರಿಯುವಾಗ ಅದು 2.5 ಮೈಕ್ರೊವೋಲ್ಟ್ ಆಗುತ್ತದೆ. ಟಿಎಲ್ 072ರ ಒಳದಾರಿಯಲ್ಲಿ ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರು ಇರುವುದರಿಂದ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ.

ಈಗ ಕೂಡಿ ನೋಡಿ. ಎನ್‌ಇ 5532: 0.7, 2.9 ಮತ್ತು 2.5ರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 3.9. ಟಿಎಲ್ 072: 2.5 ಮತ್ತು 2.9 ಕೂಡಿ 3.8. ಒಳ್ಳೆಯ ಚಿಪ್ ಹಾಕಿ ಏನೂ ಗಳಿಸಲಿಲ್ಲ. ಕೂದಲೆಳೆಯಷ್ಟು ಕಳೆದುಕೊಂಡೆವು ಕೂಡ.

ಅಷ್ಟೇ ಅಲ್ಲ. ಎನ್‌ಇ 5532 ಎಳೆಯುವ ಪ್ರವಾಹ ಸುಮಾರು 200 ನ್ಯಾನೊಆಂಪಿಯರ್. 25 ಕಿಲೋ ಓಮ್‌ನಲ್ಲಿ ಅದು 5 ಮಿಲಿವೋಲ್ಟ್ ನೇರ ವೋಲ್ಟೇಜ್ ಆಗಿ ನಿಲ್ಲುತ್ತದೆ. ಫೇಡರಿಗೂ ಚಿಪ್ಪಿಗೂ ನಡುವೆ ಅದನ್ನು ತಡೆಯುವ ಕೆಪಾಸಿಟರು ಇಲ್ಲದಿದ್ದರೆ ಫೇಡರ್ ಎಳೆದಾಗಲೆಲ್ಲ 'ಕರಕರ' ಎನ್ನುತ್ತದೆ. ಹಾಡಿನ ನಡುವೆ ಧ್ವನಿ ಏರಿಸಿ ಇಳಿಸುವಾಗ ಈ ಕರಕರ ಸುಯ್‌ಸದ್ದಿಗಿಂತ ಕೆಟ್ಟದ್ದು.

ಹೆಚ್ಚು ಬೆಲೆಯ ಚಿಪ್ ಹಾಕಿದರೆ?

ಇನ್ನೂ ದುಬಾರಿಯಾದ ಎಲ್‌ಎಂ 4562 ಅನ್ನು ಕೂಡುವ ವರ್ಧಕಕ್ಕೆ ಹಾಕಿದರೆ ಅಲ್ಲಿನ ಸದ್ದು 14ರಿಂದ ಸುಮಾರು 10ಕ್ಕೆ ಇಳಿಯುತ್ತದೆ. ಆದರೆ ಹದಿನಾರು ಚಾನೆಲ್‌ಗಳೂ ತಮ್ಮ ತಮ್ಮ 3.8 ಮೈಕ್ರೊವೋಲ್ಟನ್ನು ತಂದು ಸುರಿಯುತ್ತಿವೆಯಷ್ಟೆ. ಹದಿನಾರರ ವರ್ಗಮೂಲ 4, ಅಂದರೆ ಅವುಗಳ ಪಾಲು ಸುಮಾರು 15. ಒಟ್ಟು ಲೆಕ್ಕ ಹೀಗೆ: ಕೂಡುವ ಜಾಗದಲ್ಲಿ ಟಿಎಲ್ 072 ಇದ್ದಾಗ ಸುಮಾರು 46 ಮೈಕ್ರೊವೋಲ್ಟ್, ಎನ್‌ಇ 5532 ಹಾಕಿದರೆ 21, ಎಲ್‌ಎಂ 4562 ಹಾಕಿದರೆ 18. ಮೊದಲ ಬದಲಾವಣೆಯಿಂದ ಸುಮಾರು 7 ಡೆಸಿಬೆಲ್ ಲಾಭ. ಯಾರ ಕಿವಿಗೂ ತಿಳಿಯುವಂಥದು. ಎರಡನೆಯದರಿಂದ ಸುಮಾರು 1 ಡೆಸಿಬೆಲ್ ಮಾತ್ರ. ತುಂಬಿದ ಸಭೆಯಲ್ಲಿ ಯಾರಿಗೂ ತಿಳಿಯದು.

ಇದು ಸರಳಗೊಳಿಸಿದ ಲೆಕ್ಕ. ಮೈಕ್ ತೆರೆದಾಗ ಇನ್ನೊಂದು ಸಂಗತಿ ಸೇರುತ್ತದೆ. ಮೈಕಿನ ಸಂಕೇತ ಬಹಳ ದುರ್ಬಲ. ಅದನ್ನು ಮೊದಲ ಹಂತದಲ್ಲಿ ನೂರಾರು ಪಟ್ಟು ಹಿಗ್ಗಿಸುವುದಾದರೆ ಆ ಹಂತದ ಸದ್ದೂ ಅಷ್ಟೇ ಪಟ್ಟು ಹಿಗ್ಗಿ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಅನೇಕ ಮಿಕ್ಸರುಗಳಲ್ಲಿ ಆ ಹಂತದ ಮುಂಭಾಗದಲ್ಲಿ ಬಿಡಿ ಟ್ರಾನ್ಸಿಸ್ಟರುಗಳು ಇರುತ್ತವೆ. ಸದ್ದು ಎಷ್ಟೆಂದು ನಿರ್ಧರಿಸುವವು ಅವೇ. ಹಿಂದಿರುವ ಚಿಪ್ ಬದಲಿಸಿದರೆ ಹೆಚ್ಚೇನೂ ಆಗದು.

ಬಿಸಿಯ ಲೆಕ್ಕ, ಮತ್ತು ನನ್ನ ತಪ್ಪು

ಟಿಎಲ್ 072 ಚಿಪ್ಪೊಂದು ಸುಮ್ಮನಿರುವಾಗ ಸುಮಾರು 2.8 ಮಿಲಿಆಂಪಿಯರ್ ಪ್ರವಾಹ ಬಳಸುತ್ತದೆ. ಎನ್‌ಇ 5532 ಸುಮಾರು 8. ಅರವತ್ತು ಚಿಪ್‌ಗಳಿಗೆ ಮೊದಲನೆಯದರಲ್ಲಿ 168, ಎರಡನೆಯದರಲ್ಲಿ 480 ಮಿಲಿಆಂಪಿಯರ್. ಪವರ್ ಸಪ್ಲೈನಲ್ಲಿ 22 ವೋಲ್ಟನ್ನು 15ಕ್ಕೆ ಇಳಿಸುವ 7815 ರೆಗ್ಯುಲೇಟರು ನಡುವಿನ 7 ವೋಲ್ಟನ್ನು ಬಿಸಿಯಾಗಿ ಕಳೆಯುತ್ತದೆ ಎನ್ನಿ. ಮೊದಲು 1.2 ವ್ಯಾಟ್ ಇದ್ದ ಬಿಸಿ ಈಗ 3.4 ವ್ಯಾಟ್. ಮೈನಸ್ 15 ವೋಲ್ಟಿನ 7915ರ ಕಥೆಯೂ ಇದೇ. ಸಣ್ಣ ಅಲ್ಯೂಮಿನಿಯಂ ತಗಡಿಗೆ ಅಂಟಿಸಿದ ರೆಗ್ಯುಲೇಟರಿಗೆ ಇದು ಹೊರಲಾರದ ಹೊರೆ. ಟ್ರಾನ್ಸ್‌ಫಾರ್ಮರು ಕೂಡ ಬಿಸಿಯೇರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. 2002ರಲ್ಲಿ, ಪದವಿ ಮುಗಿಸಿದ ಹುರುಪಿನಲ್ಲಿ, ಒಂದು ಪುಟ್ಟ ಧ್ವನಿಮುದ್ರಣ ಕೋಣೆಯ ಮಿಕ್ಸರಿನ ಚಿಪ್‌ಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಬದಲಿಸಿದ್ದೆ. ಹತ್ತು ನಿಮಿಷ ಹಾಡು ಹಾಕಿ ಕೇಳಿ, ಸೊಗಸಾಗಿದೆ ಎಂದು ಮುಚ್ಚಳ ಮುಚ್ಚಿದೆ. ಮರುದಿನ ಹಳ್ಳಿಯಿಂದ ಒಬ್ಬ ಅಜ್ಜಿ ಬಂದಿದ್ದರು. ಸೋಬಾನೆ ಪದಗಳನ್ನು ಹಾಡುತ್ತಿದ್ದರು. ಬರೆದಿಟ್ಟದ್ದು ಯಾವುದೂ ಇಲ್ಲ, ಎಲ್ಲ ನೆನಪಿನಿಂದಲೇ. ಎರಡನೆಯ ಗಂಟೆಯಲ್ಲಿ ರೆಗ್ಯುಲೇಟರು ಕಾದು ತನ್ನಷ್ಟಕ್ಕೇ ನಿಂತಿತು. ಆರಿ ಮತ್ತೆ ಹೊತ್ತಿತು, ಮತ್ತೆ ನಿಂತಿತು. ಅಜ್ಜಿ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು. ಟೇಪಿನಲ್ಲಿ ಉಳಿದದ್ದು ಢಬ್ ಢಬ್ ಸದ್ದು ಮತ್ತು ತುಂಡು ಪದಗಳು. ಸಂಜೆಯ ಬಸ್ಸಿಗೆ ಅವರು ಹೊರಟರು. "ಇನ್ನೊಮ್ಮೆ ಬರ್ತೀನಿ ಬಿಡಪ್ಪ" ಎಂದರು. ಬರಲಾಗಲಿಲ್ಲ. ಆ ಪದಗಳು ಮತ್ತೆಲ್ಲಿಯೂ ಮುದ್ರಣವಾದದ್ದನ್ನು ನಾನು ಕೇಳಿಲ್ಲ.

ನನ್ನ ಚಿಪ್‌ಗಳು ಒಳ್ಳೆಯವೇ ಆಗಿದ್ದವು. ಬೆಸುಗೆಯೂ ಚೆನ್ನಾಗಿತ್ತು. ಲೆಕ್ಕ ಮಾತ್ರ ಹಾಕಿರಲಿಲ್ಲ.

ಕಿವಿಗೆ ಕೇಳದ ಕಂಪನ

ಇನ್ನೊಂದು ಅಪಾಯ ಕಣ್ಣಿಗೂ ಕಾಣದು, ಕಿವಿಗೂ ಕೇಳದು. ಎಲ್‌ಎಂ 4562 ಲಕ್ಷಾಂತರ ಹರ್ಟ್ಸ್ ಆವೃತ್ತಿಯಲ್ಲೂ ವರ್ಧಿಸಬಲ್ಲ ಚಿಪ್. ಹಳೆಯ ಪಿಸಿಬಿಯ ಉದ್ದ ತಾಮ್ರದ ದಾರಿಗಳ ನಡುವೆ ಅಂಥ ಚಿಪ್ ತಾನಾಗಿ ಕಂಪಿಸತೊಡಗಬಹುದು. ಮೆಗಾಹರ್ಟ್ಸ್ ಮಟ್ಟದ ಆ ಕಂಪನ ಸ್ಪೀಕರಿನಲ್ಲಿ ಕೇಳಿಸದು. ಆದರೆ ಚಿಪ್ ಸುಡುತ್ತದೆ, ಹಾಡು ಒರಟಾಗುತ್ತದೆ. ಇದಕ್ಕೆ ಮದ್ದು, ಚಿಪ್ಪಿನ 4 ಮತ್ತು 8ನೆಯ ಕಾಲುಗಳ ಹತ್ತಿರದಲ್ಲೇ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರುಗಳನ್ನು ಹಾಕುವುದು. ಕಂಪನ ಇದೆಯೋ ಇಲ್ಲವೋ ಎಂದು ಖಾತ್ರಿಯಾಗಿ ಹೇಳಬಲ್ಲದ್ದು ಆಸಿಲೋಸ್ಕೋಪ್ ಒಂದೇ. ಅದು ಇಲ್ಲದಿದ್ದರೆ ಅತಿ ಚುರುಕಿನ ಚಿಪ್‌ಗಳ ಗೋಜಿಗೆ ಹೋಗದಿರುವುದೇ ಕ್ಷೇಮ.

ನಕಲಿ ಚಿಪ್‌ಗಳ ಕಾಟವೂ ಇದೆ. ಅಗ್ಗದ ಚಿಪ್ಪಿನ ಬೆನ್ನು ಉಜ್ಜಿ ಬೇರೆ ಹೆಸರು ಅಚ್ಚು ಮಾಡಿ ಮಾರುತ್ತಾರೆ. ಎನ್‌ಇ 5532ಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಅದರ ಎರಡು ಒಳದಾರಿಗಳ ನಡುವೆ ರಕ್ಷಣೆಗಾಗಿ ಎರಡು ಡಯೋಡುಗಳನ್ನು ಎದುರುಬದುರಾಗಿ ಇಟ್ಟಿರುತ್ತಾರೆ. ಬಿಡಿ ಚಿಪ್ಪಿನ 2 ಮತ್ತು 3ನೆಯ ಕಾಲುಗಳನ್ನು ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ ಮುಟ್ಟಿ ನೋಡಿ. ತಂತಿ ಅದಲುಬದಲು ಮಾಡಿದರೂ ಎರಡೂ ಬಾರಿ ಸುಮಾರು 0.6 ಬರಬೇಕು. ಬಾರದಿದ್ದರೆ ಅನುಮಾನಿಸಿ.

ಮರ್ಫಿ ಟೌನ್‌ನಲ್ಲಿ ಮಾಡಿದ್ದು

ನಾವು ಚಿಪ್ ಕೀಳುವ ಮೊದಲು ಕಿವಿಗೊಟ್ಟು ಕೇಳಿದೆವು. ಹದಿನಾರೂ ಫೇಡರುಗಳನ್ನು ಕೆಳಗಿಳಿಸಿ, ಮಾಸ್ಟರ್ ಫೇಡರನ್ನು ಮಾತ್ರ ಏರಿಸಿದೆವು. ಸುಯ್‌ಸದ್ದು ಹಾಗೇ ಇತ್ತು. ಅಂದರೆ ತಪ್ಪು ಚಾನೆಲ್‌ಗಳದ್ದಲ್ಲ. ಮಾಸ್ಟರನ್ನೂ ಇಳಿಸಿದಾಗ ಸದ್ದು ನಿಂತಿತು. ಅಂದರೆ ಪವರ್ ಆಂಪ್ಲಿಫೈಯರಿನದೂ ಅಲ್ಲ. ಉಳಿದದ್ದು ಕೂಡುವ ವರ್ಧಕ. ಒಂದು ನಿಮಿಷದ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಕಾಗಲಿಲ್ಲ.

ಅರವತ್ತು ಚಿಪ್‌ಗಳಲ್ಲಿ ನಾವು ಬದಲಿಸಿದ್ದು ಎರಡು: ಎಡ ಬಲಗಳನ್ನು ಕೂಡುವುದೊಂದು, ಎಕೊ ಮತ್ತು ಮಾನಿಟರಿನದೊಂದು. ಎರಡಕ್ಕೂ ಎನ್‌ಇ 5532. ಜೊತೆಗೆ ಪವರ್ ಸಪ್ಲೈನಲ್ಲಿ ಒಣಗಿ ಉಬ್ಬಿದ್ದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು ಬದಲಿಸಿ, ಫೇಡರುಗಳನ್ನು ಶುಚಿ ಮಾಡಿದೆವು. 'ಗುಂಯ್' ಎಂಬ ಇನ್ನೊಂದು ಸದ್ದು ಆ ಕೆಪಾಸಿಟರುಗಳಿಂದ ಬರುತ್ತಿತ್ತು. ಅರವತ್ತು ಚಿಪ್ ಬದಲಿಸಿದ್ದರೂ ಅದು ಹೋಗುತ್ತಿರಲಿಲ್ಲ. ಕೊನೆಯಲ್ಲಿ ಮುಚ್ಚಳ ಮುಚ್ಚಿ, ಮೂರು ಗಂಟೆ ಕಾಲ ಓಡಿಸಿ, ರೆಗ್ಯುಲೇಟರಿನ ಬಿಸಿಯನ್ನು ನೋಡಿದೆವು. ಹತ್ತು ನಿಮಿಷವಲ್ಲ, ಮೂರು ಗಂಟೆ.

ಮತ್ತೆ ಮಾಸ್ಟರ್ ಏರಿಸಿದಾಗ ಅವಳ ತಂದೆ ಸ್ಪೀಕರಿಗೆ ಕಿವಿ ಹಚ್ಚಿ ನಿಂತರು. "ಆನ್ ಆಗಿದೆಯೇನಮ್ಮ?" ಎಂದು ಕೇಳಿದರು.

"ಆಗಿದೆ ಅಪ್ಪ."

ಅವಳು ಸಾಕೆಟ್‌ಗಳನ್ನೂ ಐವತ್ತೆಂಟು ಚಿಪ್‌ಗಳನ್ನೂ ಅಂಗಡಿಗೆ ಹಿಂದಿರುಗಿಸಲು ಎಸ್.ಪಿ. ರಸ್ತೆಗೆ ಹೊರಟಳು.

ನೀವೇ ಮಾಡಿ ನೋಡಿ

ಕಾಲೇಜಿನ ಪ್ರಯೋಗಾಲಯದಲ್ಲಿ ಬ್ರೆಡ್‌ಬೋರ್ಡಿನ ಮೇಲೆ 741ನ್ನು ಒಂದು ಪಟ್ಟಿನ ವರ್ಧಕವಾಗಿ ಕಟ್ಟಿ. ಸಿಗ್ನಲ್ ಜನರೇಟರಿನಿಂದ 10 ವೋಲ್ಟ್ ಎತ್ತರದ ಸೈನ್ ಅಲೆ ಕೊಟ್ಟು, ಆವೃತ್ತಿಯನ್ನು ನಿಧಾನವಾಗಿ ಏರಿಸುತ್ತಾ ಆಸಿಲೋಸ್ಕೋಪಿನಲ್ಲಿ ನೋಡಿ. 8 ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ದುಂಡಗಿನ ಅಲೆ ತ್ರಿಕೋನವಾಗತೊಡಗುತ್ತದೆ. ಅದೇ ಜಾಗದಲ್ಲಿ ಟಿಎಲ್ 071 ಇಟ್ಟರೆ ಅಲೆ 20 ಸಾವಿರದಲ್ಲೂ ದುಂಡಗೇ ಇರುತ್ತದೆ. ಇನ್ನು ಮೇಲಿನ ಲೆಕ್ಕವನ್ನು 8 ಚಾನೆಲ್ ಮತ್ತು 32 ಚಾನೆಲ್ ಮಿಕ್ಸರುಗಳಿಗೆ ಮಾಡಿ. ಚಾನೆಲ್ ಹೆಚ್ಚಿದಂತೆ ಕೂಡುವ ವರ್ಧಕದ ಚಿಪ್ ಏಕೆ ಇನ್ನಷ್ಟು ಮುಖ್ಯವಾಗುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.

ಒಂದು ಎಚ್ಚರಿಕೆ. ಮನೆಯ ಕರೆಂಟಿಗೆ ನೇರ ಜೋಡಿಸುವ ಯಾವ ಉಪಕರಣವನ್ನೂ ಒಬ್ಬರೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಅನುಭವಿಗಳು ಪಕ್ಕದಲ್ಲಿರಲಿ.

ಮುಂದಿನ ಬಾರಿ ಹಾಡಿಗೂ ಹಾಡಿಗೂ ನಡುವಿನ ಮೌನದಲ್ಲಿ ಆ 'ಸುಯ್' ಕೇಳಿಸಿದರೆ, ಯಾವ ಚಿಪ್ ಒಳ್ಳೆಯದು ಎಂದು ಮೊದಲು ಕೇಳಬೇಡಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಉಳಿದದ್ದು ಎರಡು ಚಿಪ್ಪಿನ ಕೆಲಸ.